ಕತ್ತಲೆಯ ರಾಜಕುಮಾರನ ಮೇಲಿನ ಅಪವಾದ

ಹಳೆಯ ಬ್ರಿಟಿಷ್ ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಂಡವರ ನಡುವೆ ಒಂದು ಪರಿಹಾಸ್ಯ ಬಹುಕಾಲದಿಂದ ಬಳಕೆಯಲ್ಲಿದೆ. ಆ ಕಾರುಗಳಿಗೆ ದೀಪ, ಡೈನಮೊ, ಸ್ವಿಚ್ಚುಗಳನ್ನು ಒದಗಿಸಿದ ಬರ್ಮಿಂಗ್‌ಹ್ಯಾಮ್ ನಗರದ ಜೋಸೆಫ್ ಲೂಕಾಸ್‌ನನ್ನು ಅವರು ‘ಕತ್ತಲೆಯ ರಾಜಕುಮಾರ’ ಎನ್ನುತ್ತಾರೆ. ರಾತ್ರಿಯ ನಡುದಾರಿಯಲ್ಲಿ ಹೆಡ್‌ಲೈಟು ಮಂಕಾಗಿ ಪರದಾಡಿದವರ ಸಿಟ್ಟು ಆ ಮಾತಿನಲ್ಲಿದೆ. ಈ ಅಪವಾದ ಎಷ್ಟು ನ್ಯಾಯವಾದುದೆಂದು ವಿಚಾರಿಸುವುದು ಉಚಿತ. ನಮ್ಮ ಅಂಬಾಸಿಡರ್ ಕೂಡ ಮಾರಿಸ್ ಆಕ್ಸ್‌ಫರ್ಡ್ ವಂಶದ್ದೇ ಅಲ್ಲವೇ!

ಲೂಕಾಸ್ (1834–1902) ಮೊದಲಿಗೆ ಕೈಗಾಡಿಯಲ್ಲಿ ಸೀಮೆಎಣ್ಣೆ ಮಾರುತ್ತಿದ್ದವನು. ಅವನಿಗೆ ಹೆಸರು ತಂದದ್ದು ‘ಕಿಂಗ್ ಆಫ್ ದಿ ರೋಡ್’ ಎಂಬ ಸೈಕಲ್ ದೀಪ. ಹಾದಿಯ ರಾಜನಾಗಿದ್ದವನು ಕತ್ತಲೆಯ ರಾಜಕುಮಾರನಾದದ್ದು ವಿಧಿವಿಲಾಸ! ಕಾರುಗಳಲ್ಲಿ ಆಗ ಉರಿಯುತ್ತಿದ್ದುದು ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಪಡೆಯುವ ಅಸಿಟಿಲೀನ್ ಅನಿಲ. ವಿದ್ಯುದ್ದೀಪಗಳು ಸಾಮಾನ್ಯವಾಗುವ ಹೊತ್ತಿಗೆ ಜೋಸೆಫ್ ಗತಿಸಿದ್ದನು. ಮಾರಿಸ್ ಕಾರುಗಳಿಗೆ ವಿದ್ಯುತ್ ಸಾಮಗ್ರಿ ಒದಗಿಸುವ ಒಪ್ಪಂದ 1914ರಲ್ಲಿ ಅವನ ಸಂಸ್ಥೆಗೆ ದೊರೆಯಿತು.

ದೋಷದ ಬೀಜ ಇರುವುದು ಒಂದು ಮಿತವ್ಯಯದಲ್ಲಿ. ಬ್ಯಾಟರಿಯಿಂದ ದೀಪಕ್ಕೆ ಹೋಗಲು ತಂತಿ ಉಂಟು. ಹಿಂದಿರುಗಲು ಕಾರಿನ ಕಬ್ಬಿಣದ ಮೈಯೇ ದಾರಿ. ಇದನ್ನೇ ಮೆಕ್ಯಾನಿಕ್‌ಗಳು ಅರ್ತ್ ಎನ್ನುವುದು. ತಾಮ್ರ ಉಳಿಯಿತು, ನಿಜ. ಆದರೆ ದೀಪದ ಕಪ್ಪು ತಂತಿಯನ್ನು ಮೈಗೆ ಬಿಗಿಯುವ ಸ್ಕ್ರೂ ಚಕ್ರದ ಕೆಸರಿಗೂ ಮಳೆಗೂ ಮುಖವೊಡ್ಡಿ ಕುಳಿತಿರುತ್ತದೆ. ಅಲ್ಲಿ ತುಕ್ಕು ಹಿಡಿಯುತ್ತದೆ; ಮೇಲೆ ಹೊಸ ಬಣ್ಣ ಬಳಿದರಂತೂ ಮುಗಿಯಿತು, ಬಣ್ಣ ವಿದ್ಯುತ್ತನ್ನು ಬಿಡದು.

ಲೆಕ್ಕ ಮಾಡಿ ನೋಡಿ (ನನ್ನ ತರಗತಿಯಲ್ಲಿ ಕುಳಿತವರಿಗೆ ಓಮ್ ನಿಯಮ ಮರೆತಿರಲಾರದು). 12 ವೋಲ್ಟಿನ 45 ವ್ಯಾಟ್ ದೀಪಕ್ಕೆ ಸುಮಾರು 3.75 ಆಂಪಿಯರ್ ಬೇಕು. ಆ ಸ್ಕ್ರೂವಿನಲ್ಲಿ ಬರೇ 0.3 ಓಮ್ ತಡೆ ಇದ್ದರೂ ಹೆಚ್ಚುಕಡಿಮೆ 1 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಅಷ್ಟಕ್ಕೇ ಬೆಳಕು ಕಾಲುಭಾಗದಷ್ಟು ಕುಗ್ಗುತ್ತದೆ, ಏಕೆಂದರೆ ತಂತು ದೀಪದ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುವಂಥದು.

ಅರ್ತ್ ಪೂರ್ತಿ ತಪ್ಪಿದಾಗ ನಡೆಯುವ ಚೋದ್ಯ ಇನ್ನೂ ಸ್ವಾರಸ್ಯಕರ. ಡಿಪ್ ಹಾಕಿದರೆ ಆ ದೀಪದ ಎರಡು ತಂತುಗಳೂ ಮಂಕಾಗಿ ಬೆಳಗುತ್ತವೆ. ಡ್ಯಾಶ್‌ಬೋರ್ಡಿನ ಹೈಬೀಮ್ ಸೂಚಕವೂ ಮಿಣುಕುತ್ತದೆ. ಮನೆಗೆ ಮರಳುವ ದಾರಿ ಮುಚ್ಚಿರುವುದರಿಂದ ವಿದ್ಯುತ್ತು ಹೈಬೀಮಿನ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಆಚೆ ಬದಿಯ ದೀಪದ ಅರ್ತನ್ನು ಆಶ್ರಯಿಸುತ್ತದೆ. ನೋಡಿದವರಿಗೆ ಸ್ವಿಚ್ಚೇ ಕೆಟ್ಟಂತೆ ತೋರುತ್ತದೆ.

1930ರ ದಶಕದ ಮಧ್ಯದಿಂದ ಮೂರು ದಶಕ ಬ್ರಿಟಿಷ್ ಕಾರುಗಳಲ್ಲಿ ಧನಧ್ರುವವನ್ನೇ ಮೈಗೆ ಜೋಡಿಸುವ ಪದ್ಧತಿಯಿತ್ತು. ಇದನ್ನೂ ಹಲವರು ದೂರುತ್ತಾರೆ. ಹೆಡ್‌ಲೈಟಿನ ತಂತುವಿಗೆ ಧನವಾದರೇನು, ಋಣವಾದರೇನು?

ಹಾಗೆಂದು ಆ ಕಾಲದ ವೈರಿಂಗ್ ನಿರ್ದೋಷಿಯಲ್ಲ. ಗುಂಡಿನಾಕಾರದ ಜೋಡಣೆಗಳಿಗೆ ನೀರು ತಡೆಯುವ ಕವಚವಿರಲಿಲ್ಲ. ಅನೇಕ ಕಾರುಗಳಲ್ಲಿ ಹೆಡ್‌ಲೈಟಿಗೆ ಫ್ಯೂಸ್ ಇರಲಿಲ್ಲ. ರಿಲೇ ಇಲ್ಲದೆ ಎರಡೂ ದೀಪಗಳ ಪೂರ್ಣ ಪ್ರವಾಹ ಸ್ವಿಚ್ಚಿನ ಮೂಲಕವೇ ಹರಿಯುತ್ತಿತ್ತು. ಇದು ಅಪಾಯಕಾರಿ ಮಿತವ್ಯಯವೆಂದೇ ನನ್ನ ಅಭಿಪ್ರಾಯ.

ಇದನ್ನೆಲ್ಲ ಬರೆಯಲು ಕಾರಣ, ಹಳೆಯ ಅಂಬಾಸಿಡರ್ ಕೊಂಡ ಶಿಷ್ಯನೊಬ್ಬನ ಪತ್ರ. ದೀಪ ಮಂಕೆಂದು 100 ವ್ಯಾಟಿನ ಬಲ್ಬು ಹಾಕಿಸಲು ಅವನು ಹೊರಟಿದ್ದಾನೆ. ಬೇಡಪ್ಪ! ಪ್ರವಾಹ ಇಮ್ಮಡಿಗಿಂತ ಹೆಚ್ಚಾದರೆ ಆ ಸ್ವಿಚ್ಚು, ಆ ತಂತಿ ಕಾದು ಕರಗುತ್ತವೆ. ಘಟ್ಟದ ತಿರುವಿನಲ್ಲಿ ಎರಡು ದೀಪವೂ ಒಮ್ಮೆಲೇ ಆರಬಹುದು, ಬೆಂಕಿಯೂ ತಗಲಬಹುದು. ಮೊದಲು ದೀಪ ಉರಿಸಿ, ವೋಲ್ಟ್‌ಮೀಟರಿನ ಒಂದು ತುದಿಯನ್ನು ಬಲ್ಬಿನ ಅರ್ತ್ ಪಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ಧ್ರುವಕ್ಕೂ ಹಿಡಿ. ಮುಳ್ಳು ಸೊನ್ನೆಯ ಬಳಿಯೇ ನಿಲ್ಲಬೇಕು. ಅರ್ಧ ವೋಲ್ಟ್ ದಾಟಿದರೆ ಸ್ಕ್ರೂ ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸ್ ಸವರು. ಬ್ಯಾಟರಿ ಬಿಚ್ಚಿಟ್ಟೇ ಆ ಕೆಲಸ ಮಾಡು.