ಸಾಲದ ದೃಶ್ಯಸಂಕೇತ

ಸಾಲ, ಬಡ್ಡಿ, ಕಂತುಗಳಂಥ ಕಣ್ಣಿಗೆ ಕಾಣದ ಕಲ್ಪನೆಗಳನ್ನು ಚಿತ್ರದಲ್ಲಿ ತಿಳಿಸುವ ಗುರುತು. ರೂಪಾಯಿಗೆ 2010ರಲ್ಲಿ ಉದಯಕುಮಾರ್ ರೂಪಿಸಿದ ಚಿಹ್ನೆ ದೊರೆಯಿತು. ಸಾಲಕ್ಕೆ ಅಂಥ ಸರ್ವಮಾನ್ಯ ಗುರುತಿಲ್ಲ. ಕನ್ನಡದ ಮಾತು ಅದನ್ನು ಶೂಲ, ಹೊರೆ, ಸುಳಿ ಎಂದು ಕಂಡಿದೆ. ಇವು ನೋವನ್ನು ಸರಿಯಾಗಿಯೇ ತೋರುತ್ತವೆ, ಆದರೆ ಸಾಲದ ತಿರುಳಾದ ಕಾಲವನ್ನು ತೋರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯ ಭತ್ತಕ್ಕೂ ದೇವದುರ್ಗದ ಹತ್ತಿಗೂ ಬಿತ್ತನೆಯಲ್ಲಿ ಎತ್ತಿದ ಹಣ ಫಸಲು ರಾಯಚೂರಿನ ಮಾರುಕಟ್ಟೆ ಸೇರಿದ ಮೇಲಷ್ಟೇ ಮರಳೀತು. ಕಿರುಸಾಲದ ವಾರದ ಕಂತು ಅಲ್ಲಿಯವರೆಗೆ ಕಾಯದು. ಆದ್ದರಿಂದ ಬಿತ್ತನೆಯಿಂದ ಸುಗ್ಗಿಯವರೆಗಿನ ಕಾಲದ ಪಟ್ಟಿ, ಅದರ ಮೇಲೆ ಕಂತಿನ ಚುಕ್ಕಿಗಳು, ಪಕ್ಕದಲ್ಲಿ ಪಡೆದ ಮತ್ತು ಕಟ್ಟಬೇಕಾದ ನಾಣ್ಯಗಳ ಎರಡು ರಾಶಿ ಹೆಚ್ಚು ನಿಜವಾದ ಚಿತ್ರ.

ಸಾಲಕ್ಕೆ ಬರೆಯುವ ಕುಣಿಕೆ, ಸರಪಳಿಗಳು ಒಂದೇ ನೋಟಕ್ಕೆ ಅರ್ಥವಾಗುತ್ತವೆ, ಅಕ್ಷರ ಬಾರದವರಿಗೆ ಅವೇ ಸಾಕು ಎಂಬ ಆಕ್ಷೇಪವಿದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ನ್ನೂ ಮುಟ್ಟಿರಲಿಲ್ಲವಾದ್ದರಿಂದ ಇದು ತೂಕದ ಮಾತು. ಆದರೂ ಹೆಬ್ಬೆಟ್ಟು ಒತ್ತುವವರಿಗೆ ಬೇಕಾದದ್ದು ಭಯವಲ್ಲ, ಲೆಕ್ಕ. ಸಹಕಾರ ಸಂಘದ ಬಡ್ಡಿರಹಿತ ಬೆಳೆಸಾಲಕ್ಕೂ ಮೀಟರ್ ಬಡ್ಡಿಗೂ ಒಂದೇ ಕುಣಿಕೆ ಬರೆದರೆ ವ್ಯತ್ಯಾಸವೇ ಅಳಿಯುತ್ತದೆ. ರೈತರ ಆತ್ಮಹತ್ಯೆ ಕಂಡ ನಾಡಿನಲ್ಲಿ ಆ ಚಿತ್ರ ಕ್ರೂರವೂ ಹೌದು. ಪಟ್ಟಿ ಚಿಕ್ಕ ಚಿಹ್ನೆಯಾಗದು, ನಿಜ. ಅದರ ಜಾಗ ಪಾಸ್‌ಬುಕ್ಕು. ಕಿರುಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ವಿಧಿಸಿದೆ. ಓದಲಾಗದವರಿಗೆ ಆ ಭಾಷೆ ಚಿತ್ರವೇ.