ಎದೆಯ ಕಫ ಸಡಿಲಿಸುವ ಕೈಚಿಕಿತ್ಸೆ: ಯಾರಿಗೆ, ಯಾವಾಗ, ಹೇಗೆ?

ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಓಡಿದ್ದು 1904ರಲ್ಲಿ. ಅಂದಿನಿಂದ ಊರಿಗೆ ಅನ್ನ ಕೊಟ್ಟ ಮಗ್ಗದ ಜೊತೆಗೆ ಹತ್ತಿಯ ದೂಳೂ ಬಂದಿದೆ. ವರ್ಷಗಟ್ಟಲೆ ಈ ದೂಳನ್ನು ಉಸಿರಾಡಿದ ಕೆಲವರಿಗೆ ಬಿಸಿನೋಸಿಸ್ ಬರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುವುದು ಇದರ ಆರಂಭದ ಗುರುತು. ಬೀಡಿ ಮತ್ತು ಸೌದೆ ಒಲೆಯ ಹೊಗೆಯಿಂದ ಸಿಒಪಿಡಿ ಬರುತ್ತದೆ. ಹಿಂದೆ ಕ್ಷಯವಾಗಿದ್ದವರಲ್ಲಿ ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವುದುಂಟು, ಅದು ಬ್ರಾಂಕಿಯೆಕ್ಟಾಸಿಸ್. ಮನೆಯಲ್ಲಿ ಇವೆಲ್ಲಕ್ಕೂ ‘ದಮ್ಮು’ ಎಂದೇ ಹೇಳುತ್ತೇವೆ. ಆದರೆ ಬೆನ್ನು ತಟ್ಟುವ ಚಿಕಿತ್ಸೆ ಎಲ್ಲ ದಮ್ಮಿಗೂ ಅಲ್ಲ.

ಯಾರಿಗೆ ಉಪಯೋಗ?

ದಿನವೂ ಹೆಚ್ಚು ಕಫ ಬರುವವರಿಗೆ, ಕೆಮ್ಮಿದರೂ ಅದನ್ನು ಹೊರಹಾಕಲು ಆಗದವರಿಗೆ ಉಪಯೋಗ. ಬ್ರಾಂಕಿಯೆಕ್ಟಾಸಿಸ್ ಇದ್ದವರಿಗೆ ಇದರ ಲಾಭ ಹೆಚ್ಚು. ಕಫವಿಲ್ಲದೆ ಬರೀ ಏದುಸಿರು ಇರುವವರಿಗೆ ತಟ್ಟುವುದರಿಂದ ಪ್ರಯೋಜನವಿಲ್ಲ; ಕೆಲವೊಮ್ಮೆ ಉಬ್ಬಸ ಹೆಚ್ಚುತ್ತದೆ.

ಯಾರಿಗೆ ಮಾಡಬಾರದು?

ಕಫದಲ್ಲಿ ರಕ್ತ ಬರುತ್ತಿದ್ದರೆ, ಪಕ್ಕೆಲುಬು ಮುರಿದಿದ್ದರೆ, ಮೂಳೆ ತೀರ ಸವೆದಿದ್ದರೆ, ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ವೈದ್ಯರನ್ನು ಕೇಳದೆ ಕೈ ಹಾಕಬೇಡಿ. ತಲೆ ಕೆಳಗಾಗಿ ಮಲಗಿಸುವ ಭಂಗಿಯನ್ನು ಮನೆಯಲ್ಲಿ ನೀವಾಗಿಯೇ ಪ್ರಯತ್ನಿಸಬೇಡಿ.

ಮಾಡುವ ಕ್ರಮ

1. ಊಟವಾಗಿ ಎರಡು ತಾಸು ಕಳೆದಿರಲಿ. ಶ್ವಾಸನಾಳ ಹಿಗ್ಗಿಸುವ ಪಂಪ್ ಬರೆದುಕೊಟ್ಟಿದ್ದರೆ ಕಾಲು ತಾಸು ಮೊದಲು ತೆಗೆದುಕೊಳ್ಳಲಿ.

2. ಕಫ ಇರುವ ಭಾಗ ಮೇಲೆ ಬರುವಂತೆ ಮಲಗಿಸಿ. ಬಲಗಡೆ ಕಫವಿದ್ದರೆ ಎಡಮಗ್ಗುಲು. ಯಾವ ಭಾಗ ಎಂಬುದನ್ನು ವೈದ್ಯರು ಎಕ್ಸ್‌ರೇ ನೋಡಿ ಹೇಳುತ್ತಾರೆ.

3. ತೀರ್ಥ ತೆಗೆದುಕೊಳ್ಳುವಾಗಿನಂತೆ ಅಂಗೈ ಗುಳಿ ಮಾಡಿ, ಕೈ ಮಗುಚಿ, ತೆಳು ಬಟ್ಟೆಯ ಮೇಲೆ ಒಂದೇ ಲಯದಲ್ಲಿ ಮೂರರಿಂದ ಐದು ನಿಮಿಷ ತಟ್ಟಿ. ‘ಡಬ್ ಡಬ್’ ಎಂದು ಪೊಳ್ಳು ಸದ್ದು ಬರಬೇಕು. ‘ಚಟ್’ ಎಂದರೆ ಅಂಗೈ ಚಪ್ಪಟೆಯಾಗಿದೆ ಎಂದರ್ಥ. ನೋವಾಗಬಾರದು. ಬೆನ್ನುಮೂಳೆ, ಎದೆಮೂಳೆ, ಸ್ತನ, ಪಕ್ಕೆಲುಬಿನ ಕೆಳಗಿನ ಭಾಗ ಮುಟ್ಟಬೇಡಿ.

4. ಆಮೇಲೆ ಅಂಗೈ ಚಪ್ಪಟೆಯಾಗಿಟ್ಟು, ರೋಗಿ ಉಸಿರು ಬಿಡುವಾಗ ಮಾತ್ರ ಮೆಲ್ಲಗೆ ನಡುಗಿಸಿ. ಉಸಿರು ಎಳೆದುಕೊಳ್ಳುವಾಗ ಕೈ ಸಡಿಲವಿರಲಿ.

5. ಈಗ ರೋಗಿಯ ಸರದಿ. ಮೂರು ನಾಲ್ಕು ಸಲ ದೀರ್ಘವಾಗಿ ಉಸಿರೆಳೆದು, ಮೂರು ಎಣಿಸುವಷ್ಟು ಹೊತ್ತು ಹಿಡಿದು ಬಿಡಲಿ. ನಂತರ ಕನ್ನಡಿ ಒರೆಸಲು ‘ಹಾ’ ಎಂದು ಊದುವಂತೆ ಬಾಯಿ ತೆರೆದು ಒಂದೆರಡು ಸಲ ಜೋರಾಗಿ ಉಸಿರು ಬಿಡಲಿ. ಕಫ ಗಂಟಲಿಗೆ ಬಂದಾಗ ಕೆಮ್ಮಿ ಉಗುಳಲಿ. ನಡುನಡುವೆ ಸಾವಕಾಶವಾಗಿ ಉಸಿರಾಡಿ ವಿಶ್ರಾಂತಿ ಪಡೆಯಲಿ.

ಕೈ ಕಫವನ್ನು ಸಡಿಲಿಸುತ್ತದೆ, ಹೊರಗೆ ತರುವುದು ಉಸಿರು. ಆದ್ದರಿಂದ ಐದನೆಯ ಹೆಜ್ಜೆ ಬಿಟ್ಟರೆ ತಟ್ಟಿದ ಶ್ರಮ ವ್ಯರ್ಥ. ಮನೆಯಲ್ಲಿ ತಟ್ಟುವವರು ಇಲ್ಲದವರು ಐದನೆಯದನ್ನೇ ಬೆಳಿಗ್ಗೆ, ಸಂಜೆ ತಪ್ಪದೆ ಮಾಡಬಹುದು. ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳಿ, ಬಣ್ಣ ಗಮನಿಸಿ.

ಕಲಿಯುವುದು ಎಲ್ಲಿ?

ಓದಿ ಕಲಿಯುವ ಕೆಲಸ ಇದಲ್ಲ. ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಎದುರು ಮಾಡಿ ತೋರಿಸಿ. ಕೊಲ್ಹಾಪುರದವರು ಸಿಪಿಆರ್ ಆಸ್ಪತ್ರೆಯಲ್ಲಿ, ಗಡಹಿಂಗ್ಲಜ ಕಡೆಯವರಿಗೆ ಬೆಳಗಾವಿ ಅನುಕೂಲವಾದರೆ ಅಲ್ಲಿನ ಕೆಎಲ್‌ಇ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮರಾಠಿ ಸರಿಯಾಗಿ ತಿಳಿಯದ ಹಿರಿಯರ ಜೊತೆ ಎರಡೂ ಭಾಷೆ ಬಲ್ಲವರೊಬ್ಬರು ಹೋಗಲಿ. ‘ಉಸಿರು ಬಿಡಿ’, ‘ಉಸಿರು ಹಿಡಿಯಿರಿ’ ಎಂಬ ಎರಡು ಮಾತು ಅದಲುಬದಲಾದರೂ ಚಿಕಿತ್ಸೆ ಕೆಡುತ್ತದೆ.

ತಡಮಾಡಬೇಡಿ

ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಕಫ ಪರೀಕ್ಷೆ ಮಾಡಿಸಿ. ಕಫ ಹಸಿರಾಗಿ ಜ್ವರ ಬಂದರೆ ವೈದ್ಯರನ್ನು ಕಾಣಿ. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ಮಂಪರು ಕವಿದರೆ ತಟ್ಟುತ್ತ ಕೂರದೆ 108ಕ್ಕೆ ಕರೆ ಮಾಡಿ. ಗಡಿಯ ಎರಡೂ ಕಡೆ ಸಂಖ್ಯೆ ಇದೇ.

ಮಗ್ಗದ ಕೆಲಸಗಾರರು ಇನ್ನೊಂದು ಮಾತು ನೆನಪಿಡಿ: ಹತ್ತಿ ದೂಳಿನಿಂದ ಬರುವ ಬಿಸಿನೋಸಿಸ್ ಇಎಸ್‌ಐ ಯೋಜನೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಇಎಸ್‌ಐ ಕಾರ್ಡ್ ಇದ್ದವರು ಯಾವ ಖಾತೆಯಲ್ಲಿ ಎಷ್ಟು ವರ್ಷ ದುಡಿದಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ, ಕೇಸ್ ಪೇಪರಿನಲ್ಲಿ ಬರೆಸಿಕೊಳ್ಳಿ.