ಅಣಬೆಯ ವಿಷ: ಊಟಕ್ಕೂ ಸಾವಿಗೂ ನಡುವಣ ಕಾಲ

ವಿಷದ ಚರಿತ್ರೆಯಲ್ಲಿ ಅಣಬೆಯ ಪ್ರಕರಣಗಳು ಎಂದೂ ವಿವಾದಾತೀತವಾಗಿಲ್ಲ. ಕ್ರಿ.ಶ. 54ರಲ್ಲಿ ರೋಮನ್ ಚಕ್ರವರ್ತಿ ಕ್ಲಾಡಿಯಸ್ ಮಡಿದಾಗ ರಾಣಿ ಅಗ್ರಿಪ್ಪಿನಾಳ ಮೇಲೆ ಆರೋಪ ಬಂದಿತು. ಆದರೆ ಅಣಬೆಯೇ ವಿಷವಾಗಿತ್ತೆಂದಲ್ಲ, ಅಣಬೆಯಲ್ಲಿ ವಿಷ ಬೆರೆಸಲಾಗಿತ್ತೆಂದು ಟ್ಯಾಸಿಟಸ್ ಬರೆಯುತ್ತಾನೆ. 1740ರಲ್ಲಿ ಆರನೆಯ ಚಾರ್ಲ್ಸ್ ಚಕ್ರವರ್ತಿಯು ಅಣಬೆಯ ಅಡುಗೆ ಉಂಡು ಅಸ್ವಸ್ಥನಾಗಿ, ಸುಮಾರು ಹತ್ತು ದಿನಗಳ ಬಳಿಕ ತೀರಿಕೊಂಡನು. ಆಸ್ಟ್ರಿಯಾದ ಉತ್ತರಾಧಿಕಾರದ ಯುದ್ಧ ಅದನ್ನು ಹಿಂಬಾಲಿಸಿತು. ಊಟಕ್ಕೂ ಸಾವಿಗೂ ನಡುವೆ ಇಷ್ಟು ದಿನಗಳಿರುವಾಗ ಕಾರಣವನ್ನು ನಿರ್ಣಯಿಸುವುದು ಹೇಗೆ?

ನಮ್ಮ ಪರಂಪರೆಯ ಪ್ರಶ್ನೆ ಬೇರೆಯಾಗಿತ್ತು. ಸುಶ್ರುತಸಂಹಿತೆಯ ಕಲ್ಪಸ್ಥಾನವು ಬೇರು, ಎಲೆ, ಹಣ್ಣು, ಹೂ, ತೊಗಟೆ ಮೊದಲಾಗಿ ಸ್ಥಾವರ ವಿಷಕ್ಕೆ ಹತ್ತು ಅಧಿಷ್ಠಾನಗಳನ್ನು ಹೇಳುತ್ತದೆ. ಆ ಹತ್ತರಲ್ಲಿ ಅಣಬೆಗೆ ಪ್ರತ್ಯೇಕ ಸ್ಥಾನವಿಲ್ಲ. ಸೂತ್ರಸ್ಥಾನದಲ್ಲಿ ಅದು ಶಾಕವರ್ಗಕ್ಕೆ ಸೇರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು 'ಖಗೇಂದ್ರಮಣಿದರ್ಪಣ'ದ ಮೂಲಕ ವಿಷವೈದ್ಯವನ್ನು ಕನ್ನಡಕ್ಕೆ ತಂದನು. ವಿಷ ಎಲ್ಲಿದೆ ಎಂಬುದನ್ನು ಈ ಶಾಸ್ತ್ರ ಸೂಕ್ಷ್ಮವಾಗಿ ವಿಂಗಡಿಸಿತು. ಅಣಬೆಯ ವಿಷಯದಲ್ಲಾದರೋ, ಅದು ಯಾವಾಗ ಪ್ರಕಟವಾಗುತ್ತದೆ ಎಂಬುದೇ ನಿರ್ಣಾಯಕ.

ಇದಕ್ಕೆ ಉತ್ತರ ದೊರೆತದ್ದು ರಸಾಯನಶಾಸ್ತ್ರದಿಂದ. 1869ರಲ್ಲಿ ಶ್ಮೀಡೆಬರ್ಗ್ ಮತ್ತು ಕೊಪ್ಪೆ ಮಸ್ಕರೀನನ್ನು ಬೇರ್ಪಡಿಸಿದರು. ಇದರ ವಿಷ ಬೇಗನೆ ಬೆವರು, ಜೊಲ್ಲುಗಳಾಗಿ ತೋರುತ್ತದೆ. ಅಟ್ರೊಪೀನ್ ಅದಕ್ಕೆ ಪ್ರತಿವಿಷ. ಅಮನೀಟಾ ಫಲಾಯ್ಡಿಸ್ ಎಂಬ ಅಣಬೆಯಿಂದ 1937ರಲ್ಲಿ ಫಲಾಯ್ಡಿನ್, 1941ರಲ್ಲಿ ಅಮಾನಿಟಿನ್ ದೊರೆತವು. ಕೊಲ್ಲುವುದು ಎರಡನೆಯದು. ಅದು ಯಕೃತ್ತಿನ ಜೀವಕೋಶಗಳಲ್ಲಿ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವವನ್ನು ತಡೆದು ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುತ್ತದೆ. ಬೇಯಿಸಿದರೂ ಒಣಗಿಸಿದರೂ ನಾಶವಾಗದು. ಉಂಡ ಆರರಿಂದ ಹನ್ನೆರಡು ಗಂಟೆಗಳ, ಕೆಲವೊಮ್ಮೆ ಇನ್ನೂ ಹೆಚ್ಚಿನ ಅವಧಿಯ ಬಳಿಕ ವಾಂತಿಭೇದಿ ತೊಡಗುತ್ತದೆ. ಅನಂತರ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಯಕೃತ್ತು ಕುಸಿಯುತ್ತಿರುವುದು ಆ ಹೊತ್ತಿನಲ್ಲೇ.

ಈ ಜ್ಞಾನ ಪ್ರಯೋಗಾಲಯದಲ್ಲೇ ಉಳಿಯಬಾರದು. 2022ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾತೋಟಗಳ ಜನ. ಬೆಳ್ಳಿ ಕಪ್ಪಾಗದಿದ್ದರೆ, ಹುಳು ತಿಂದಿದ್ದರೆ ಅಣಬೆ ನಿರಪಾಯವೆಂಬ ನಂಬಿಕೆಗಳಿಗೆ ಆಧಾರವಿಲ್ಲ. ವಾಂತಿ ನಿಂತ ಮಾತ್ರಕ್ಕೆ ಗುಣವಾಯಿತೆಂದು ತಿಳಿದು ಆಸ್ಪತ್ರೆಗೆ ಹೋಗದಿರುವುದು ಇನ್ನೂ ಅಪಾಯಕರ. ಚಕ್ರವರ್ತಿಗಳ ಸಾವಿನಲ್ಲಿ ಚರಿತ್ರಕಾರನನ್ನು ತಬ್ಬಿಬ್ಬುಗೊಳಿಸಿದ ಆ ನಡುವಣ ಕಾಲವೇ ಬಡವರ ಮನೆಯಲ್ಲಿ ಇಂದಿಗೂ ಪ್ರಾಣ ಕಳೆಯುತ್ತಿದೆ.